ಡಬ್ಬಿಯ ತಳ

ಜೂನ್ ೩, ಮಂಗಳವಾರ

ಔಷಧ ಬಂತು. ಎರಡು ಬಿಳಿ ಶೀಶೆ. ಒಂದರಲ್ಲಿ ಬೆಳಗಿನ ಗುಳಿಗೆ, ಇನ್ನೊಂದರಲ್ಲಿ ಸಂಜೆಯದು. ಇಷ್ಟು ಸಣ್ಣ ವಸ್ತುವಿಗಾಗಿ ನಾಲ್ಕು ವರ್ಷ ಕಾದೆವು. ಒಂದು ಟ್ರಸ್ಟಿನವರು ಹೊರದೇಶದಿಂದ ತರಿಸಿಕೊಡುತ್ತಾರೆ, ಒಂದು ಸಲಕ್ಕೆ ಒಂದೇ ತಿಂಗಳಿನದು. ಮಳೆಗಾಲ ಮುಗಿಯುವ ಮೊದಲು ಪರೀಕ್ಷೆ ಮಾಡುತ್ತಾರಂತೆ. ಗುಣ ಕಂಡರೆ ಮುಂದುವರಿಸುತ್ತಾರೆ. ಕಾಣದಿದ್ದರೆ ಸಾಲಿನಲ್ಲಿ ಕಾಯುತ್ತಿರುವ ಬೇರೆಯವರಿಗೆ ಕೊಡುತ್ತಾರೆ.

ನನ್ನ ಮಗಳು ನಮಿತಾಗೆ ಈಗ ಇಪ್ಪತ್ತೊಂಬತ್ತು. ಅವಳ ಕಾಯಿಲೆಯ ಹೆಸರು ಸಿಸ್ಟಿಕ್ ಫೈಬ್ರೋಸಿಸ್. ಮುಂಬಯಿಯ ವಿಕ್ರೋಳಿಯ ಈ ಬಿಲ್ಡಿಂಗಿನಲ್ಲಿ ಯಾರಿಗೂ ಆ ಹೆಸರು ಹೇಳಿಲ್ಲ. ದಮ್ಮು ಎಂದಿದ್ದೇನೆ, ಅಷ್ಟು ಸಾಕು. ಎದೆಯೊಳಗೆ ಕಫ ಅಂಟಿನಂತೆ ಗಟ್ಟಿಯಾಗಿ ಕೂರುತ್ತದೆ. ಉಂಡದ್ದು ಮೈಗೆ ಹತ್ತುವುದಿಲ್ಲ. ಬೆವರಿನಲ್ಲಿ ಉಪ್ಪು ಹರಿದುಹೋಗುತ್ತದೆ. ಕೂಸಾಗಿದ್ದಾಗ ಅವಳ ಗಲ್ಲ ಸವರಿ ಬೆರಳನ್ನು ತುಟಿಗೆ ಒತ್ತಿಕೊಂಡರೆ ಉಪ್ಪು ಹತ್ತುತ್ತಿತ್ತು. ಅವಳಿಗಿಂತ ಮೊದಲು ಹುಟ್ಟಿದ ಗಂಡುಕೂಸಿನ ಗಲ್ಲದಲ್ಲೂ ಅದೇ ಉಪ್ಪಿತ್ತು. ಅದು ಎಂಟು ತಿಂಗಳು ಬದುಕಿತು. ಆಗ ಯಾವ ಡಾಕ್ಟರಿಗೂ ಏನೂ ತಿಳಿಯಲಿಲ್ಲ.

ಇದುವರೆಗಿನ ಔಷಧಗಳೆಲ್ಲ ಕಫ ತೆಳುವು ಮಾಡುವುದಕ್ಕೆ. ಈ ಗುಳಿಗೆ ಹಾಗಲ್ಲ, ಮೈಯೊಳಗೆ ಉಪ್ಪು ಓಡಾಡುವ ಬಾಗಿಲನ್ನೇ ರಿಪೇರಿ ಮಾಡುತ್ತದೆ ಎಂದು ಡಾಕ್ಟರ್ ಶುಭಾಂಗಿ ಹೇಳಿದರು. ಬಿಟ್ಟರೆ ಬಾಗಿಲು ಮತ್ತೆ ಮುಚ್ಚಿಕೊಳ್ಳುತ್ತದೆ. ಜಿಡ್ಡಿನ ಊಟದ ಜೊತೆ ತೆಗೆದುಕೊಂಡರೇ ಮೈಗೆ ಹತ್ತುವುದು. ಅದಕ್ಕೆ ನನಗೇನೂ ಹೇಳಿಕೊಡಬೇಕಿಲ್ಲ. ನಮಿತಾಗೆ ಚಿಕ್ಕಂದಿನಿಂದ ಗುಳಿಗೆ ಗಂಟಲಲ್ಲಿ ಇಳಿಯುವುದಿಲ್ಲ. ಬಿಸಿ ಜೋಳದ ರೊಟ್ಟಿ ಮುರಿದು, ಬಳ್ಳೊಳ್ಳಿ ಉಪ್ಪು ತುಪ್ಪ ಹಾಕಿ, ಮುಷ್ಟಿಯಲ್ಲಿ ಹಿಚುಕಿ ಮುಟಗಿ ಮಾಡಿ, ಬೋರೆಹಣ್ಣಿನಷ್ಟು ಉಂಡೆಯೊಳಗೆ ಗುಳಿಗೆ ಅಡಗಿಸಿ ಬಾಯಿಗೆ ಕೊಡುತ್ತೇನೆ. ಇಂದಿಗೂ ಹಾಗೆಯೇ ನುಂಗುತ್ತಾಳೆ. ಶೀಶೆಗಳನ್ನು ಕಪಾಟಿನಲ್ಲಿಟ್ಟು ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಸೊಸೆ ನಾಗರತ್ನಾ ಸಂಜೆ ಹಿಟ್ಟಿನ ಡಬ್ಬಿಯನ್ನು ತಳ ಕಾಣುವಂತೆ ಬಳಿದಿದ್ದಳು. ಈ ಮನೆಗೆ ಬಂದು ಆರು ವರ್ಷವಾಯಿತು, ಇನ್ನೂ ಕಲಿತಿಲ್ಲ. ಹಿಟ್ಟು ತೆಗೆದರೆ ಒಂದು ಹಿಡಿ ತಿರುಗಿ ಡಬ್ಬಿಗೆ ಹಾಕಬೇಕು. ನನ್ನ ಅತ್ತೆ ವಿಜಾಪುರದ ಕಡೆಯ ಇಂಡಿಯಲ್ಲಿ ಹಾಗೆ ಮಾಡುತ್ತಿದ್ದರು. ಈ ಊರಿಗೆ ಬಂದ ಮೇಲೆ ಗಂಡನ ಫ್ಯಾಕ್ಟರಿಯ ಮುಷ್ಕರದ ತಿಂಗಳುಗಳಲ್ಲೂ ನಾನು ತಳ ನೋಡಲಿಲ್ಲ. ಅವಳು ಬೈಸಿಕೊಂಡು ಹೊರಟಳು. ಹೋಗುವಾಗ, ಕೆಳಗ ಕಿರಾಣಿ ಅಂಗಡಿ ಐತಲ್ರೀ ಅತ್ತಿ, ಎಂದಳು.

ಜೂನ್ ೪, ಬುಧವಾರ

ಬೆಳಿಗ್ಗೆ ಎರಡು ಉಂಡೆ ಕೊಟ್ಟೆ. ಮಧ್ಯಾಹ್ನಕ್ಕೆ ಕೆಮ್ಮು ಹತ್ತಿತು. ಅಂಥ ಕೆಮ್ಮನ್ನು ನಾನು ನೋಡಿಲ್ಲ. ಬೋಗುಣಿ ತುಂಬಿತು, ಚೆಲ್ಲಿ ಬಂದರೆ ಮತ್ತೆ ತುಂಬಿತು. ಎಷ್ಟೋ ವರ್ಷದ ಕಫ. ಅವಳ ಕಣ್ಣು ಮೇಲೆ ಹೋದವು. ಮಗಳನ್ನು ನನ್ನ ಕೈಯಾರೆ ಕೊಂದೆ ಎಂದುಕೊಂಡೆ. ನಾಗರತ್ನಾ ಫೋನು ಮಾಡಿದರೆ ಡಾಕ್ಟರ್, ಹೀಗೇ ಆಗಬೇಕು, ಹೆದರಬೇಡಿ, ಎಂದರಂತೆ. ಹೆದರಬೇಡಿ ಎನ್ನಲು ಅವರಿಗೇನು, ಬೋಗುಣಿ ಹಿಡಿದವಳು ನಾನು.

ಜೂನ್ ೭, ಶನಿವಾರ

ನಸುಕಿನಲ್ಲಿ ಎಚ್ಚರವಾಯಿತು. ಮನೆಯಲ್ಲಿ ಸದ್ದಿಲ್ಲ. ಇಪ್ಪತ್ತೊಂಬತ್ತು ವರ್ಷ ಅವಳ ಕೆಮ್ಮಿಗೇ ಎದ್ದವಳು ನಾನು. ಕೆಮ್ಮು ಕೇಳಿದರೆ ಜೀವ ಇದೆ ಎಂದು ಲೆಕ್ಕ. ಎದ್ದು ಹೋಗಿ ಅವಳ ಮೂಗಿನ ಕೆಳಗೆ ಬೆರಳು ಹಿಡಿದೆ. ಉಸಿರು ಬಂತು. ಚಹಾಕ್ಕೆ ನೀರಿಟ್ಟು ಮತ್ತೊಮ್ಮೆ ಹೋಗಿ ಹಿಡಿದು ನೋಡಿದೆ.

ಜೂನ್ ೨೦, ಶುಕ್ರವಾರ

ಬೆನ್ನು ತಟ್ಟಿದರೆ ಕಫ ಬರುತ್ತಿಲ್ಲ.

ದಿನಕ್ಕೆರಡು ಬಾರಿ ಅವಳನ್ನು ಮಂಚದ ಮೇಲೆ ಬೋರಲು ಮಲಗಿಸಿ ಬೆನ್ನು ತಟ್ಟುವುದು ನನ್ನ ಕೆಲಸ. ಅಂಗೈಯನ್ನು ಬಟ್ಟಲಿನಂತೆ ಬಾಗಿಸಿ ತಟ್ಟಬೇಕು ಎಂದು ಆಸ್ಪತ್ರೆಯವರು ಕಲಿಸಲು ಬಂದಾಗ, ರೊಟ್ಟಿ ಬಡಿದ ಕೈ ಇದು, ಎಂದಿದ್ದೆ. ಒಮ್ಮೆ ನೋಡಿ ಅವರೇ ಸುಮ್ಮನಾದರು. ಇಂದು ಎಷ್ಟು ತಟ್ಟಿದರೂ ಒಣ ಸದ್ದು. ನಮಿತಾ ನಗತೊಡಗಿದಳು.

"ಸಾಕ ಬಿಡವ್ವಾ, ರೊಟ್ಟಿ ಹೊತ್ತೀತು."

ನನಗೆ ನಗು ಬರಲಿಲ್ಲ. ಒಳಗೆ ಉಳಿದಿದ್ದರೆ ಏನು ಗತಿ ಎಂದು ಮತ್ತಷ್ಟು ತಟ್ಟಿದೆ. ಅವಳು ಎದ್ದು ಕೂತು, ಘಾಟ್ಕೋಪರಿನಲ್ಲಿ ಮೆಟ್ರೋದ ಮೆಟ್ಟಿಲನ್ನು ಓಡುತ್ತ ಹತ್ತಿದೆ ಎಂದು ಹೇಳಿದಳು. ಅಂಧೇರಿಯ ಆಫೀಸಿಗೆ ಅದೇ ದಾರಿ, ಮೊದಲು ನಡುವೆ ಎರಡು ಕಡೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದಳು. ದಸರೆಗೆ ವಿಜಾಪುರದ ಟಿಕೆಟ್ ತೆಗೆಸಿದ್ದಾಳಂತೆ. ಗೋಳಗುಮ್ಮಟ ಹತ್ತಬೇಕಂತೆ. ಚಿಕ್ಕವಳಿದ್ದಾಗ ಎಲ್ಲರೂ ಮೇಲೆ ಹೋದರೆ ಅವಳು ನನ್ನ ಜೊತೆ ಕೆಳಗಿನ ಹುಲ್ಲಿನ ಮೇಲೆ ಕೂತಿರುತ್ತಿದ್ದಳು. ಮೇಲಿನಿಂದ ಅಣ್ಣ ಕೂಗಿದ್ದು ಕೇಳಿತೇ ಎಂದು ನನ್ನನ್ನು ಕೇಳುತ್ತಿದ್ದಳು. ಅಷ್ಟು ಎತ್ತರ ಬೇಡ ಎಂದೆ. ಆಫೀಸಿಗೆ ಹೊರಟಾಗ ಗಲ್ಲ ಸವರಿ ಬೆರಳು ತುಟಿಗೆ ಒತ್ತಿಕೊಂಡೆ. ಸಪ್ಪೆ. ಬೇರೆ ಯಾರದೋ ಮಗಳ ಗಲ್ಲ ಮುಟ್ಟಿದಂತಾಯಿತು.

ಜುಲೈ ೨, ಬುಧವಾರ

ಹೊಸ ಶೀಶೆ ಬಂದಿಲ್ಲ. ಪಾರ್ಸೆಲ್ ವಿಮಾನ ನಿಲ್ದಾಣದಲ್ಲಿ ನಿಂತಿದೆಯಂತೆ, ಏನೋ ಕಾಗದ ಬೇಕಂತೆ. ಶೀಶೆ ಅಲ್ಲಾಡಿಸಿದರೆ ಎರಡು ಮೂರು ಗುಳಿಗೆಯ ಸದ್ದು. ಟ್ರಸ್ಟಿನ ಹುಡುಗಿ ಫೋನಿನಲ್ಲಿ, ಬರುತ್ತೆ ಆಂಟಿ, ಎಂದು ಒಂದೇ ಮಾತು ಹೇಳುತ್ತಾಳೆ. ನಮಿತಾ ಏನೂ ಆಗದವಳಂತೆ ಆಫೀಸಿಗೆ ಹೋದಳು. ಬಾಗಿಲು ಮತ್ತೆ ಮುಚ್ಚಿಕೊಳ್ಳುತ್ತದೆ ಎಂದು ಡಾಕ್ಟರ್ ಹೇಳಿದ ಮಾತೇ ನನ್ನ ಕಿವಿಯಲ್ಲಿದೆ.

ಜುಲೈ ೪, ಶುಕ್ರವಾರ

ಬಂತು. ಕೊನೆಯ ಗುಳಿಗೆ ನುಂಗಿದ ಸಂಜೆಯೇ ಬಂತು. ಎಲ್ಲರೂ ನಕ್ಕರು. ಮಗ ಅನಿಲಕುಮಾರ ಪೇಡೆ ತಂದ. ಶೀಶೆ ಖಾಲಿಯಾದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಬಿಳಿ ತಳ. ಇನ್ನೊಮ್ಮೆ ಅದನ್ನು ನೋಡುವುದಿಲ್ಲ.

ಜುಲೈ ೭, ಸೋಮವಾರ

ಇಂದು ಸಂಜೆಯ ಮುಟಗಿಯಲ್ಲಿ ಗುಳಿಗೆ ಹಾಕಲಿಲ್ಲ. ಅದನ್ನು ಒಂದು ಸಣ್ಣ ಸ್ಟೀಲ್ ಡಬ್ಬಿಗೆ ಹಾಕಿ ನನ್ನ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇಟ್ಟೆ. ಮೈ ಸುಧಾರಿಸಿದವರಿಗೆ ವಾರಕ್ಕೊಂದು ಕಡಿಮೆಯಾದರೆ ಏನೂ ಆಗುವುದಿಲ್ಲ. ಮುಂದೆ ಪಾರ್ಸೆಲ್ ನಿಂತರೆ ಆ ಟ್ರಸ್ಟಿನ ಹುಡುಗಿ ಬಂದು ನನ್ನ ಮಗಳ ಬೋಗುಣಿ ಹಿಡಿಯುತ್ತಾಳೆಯೇ? ಮನೆ ನಡೆಸಿದವರಿಗೆ ಮಾತ್ರ ಇದು ತಿಳಿಯುತ್ತದೆ. ಇವತ್ತು ನಿದ್ದೆ ಬರಬಹುದು.

ಜುಲೈ ೧೮, ಶುಕ್ರವಾರ

ಟಿವಿಯಲ್ಲಿ ಎಲ್ಲೋ ಯುದ್ಧ, ವಿಮಾನಗಳು ನಿಂತಿವೆ. ನಮ್ಮ ಔಷಧವೂ ವಿಮಾನದಲ್ಲೇ ಬರಬೇಕು. ಈಗ ಬೇರೆ ದಿನಗಳಲ್ಲೂ ತೆಗೆದಿಡುತ್ತಿದ್ದೇನೆ, ಬೆಳಗಿನದರಲ್ಲೂ. ನಮಿತಾಗೆ ಅವಸರ. ಫೋನು ನೋಡುತ್ತ ಬಾಯಿ ತೆರೆಯುತ್ತಾಳೆ, ನುಂಗುತ್ತಾಳೆ, ಓಡುತ್ತಾಳೆ. ಡಬ್ಬಿ ಅಲ್ಲಾಡಿಸಿದರೆ ಈಗ ತುಂಬಿದ ಸದ್ದು. ಆ ಸದ್ದು ಕೇಳಿದರೆ ಸಮಾಧಾನ.

ಜುಲೈ ೨೯, ಮಂಗಳವಾರ, ನಾಗರಪಂಚಮಿ

ಶೇಂಗಾದುಂಡಿ, ಎಳ್ಳುಂಡಿ ಕಟ್ಟಿದೆವು. ನಮಿತಾ ಬಿಲ್ಡಿಂಗಿನ ಹುಡುಗಿಯರ ಜೊತೆ ಟೆರೇಸಿಗೆ ಹೋದಳು. ಮೊದಲು ನಾನು ಬಿಡುತ್ತಿರಲಿಲ್ಲ. ಇಂದು ಬಿಟ್ಟೆ. ಕೆಳಗೆ ಬಂದಾಗ ಒಂದೆರಡು ಸಲ ಕೆಮ್ಮಿದಳು. ಮಳೆಯಲ್ಲಿ ನೆನೆದದ್ದಕ್ಕೆ ಇರಬೇಕು.

ಆಗಸ್ಟ್ ೬, ಬುಧವಾರ

ಕೆಮ್ಮು ಹೋಗಿಲ್ಲ. ಮೆಟ್ರೋದ ಏಸಿ ಎಂದೆ. ನಮಿತಾ, ಏಸಿ ಮೊದಲೂ ಇತ್ತಲ್ಲವ್ವಾ, ಎಂದಳು. ನಾಗರತ್ನಾ, ಔಷಧ ಹಳೆಯದಾಗಿ ಮೈಗೆ ರೂಢಿಯಾಗಿಬಿಟ್ಟಿತೇನೋ ಎಂದಳು. ಇದೂ ಸೋತರೆ ಮುಂದೆ ಯಾವ ಔಷಧವೂ ಇಲ್ಲ. ಹಾಗಾದರೆ ಕೂಡಿಟ್ಟದ್ದೇ ಗತಿ. ಇಂದು ಬೆಳಗಿನ ಎರಡನ್ನೂ ಡಬ್ಬಿಗೆ ಹಾಕಿದೆ.

ಸಂಜೆ ಅವಳೇ ಬಂದು ಮಂಚದ ಮೇಲೆ ಬೋರಲು ಮಲಗಿದಳು. ತಟ್ಟಿದೆ. ಕಫ ಬಂತು. ನನ್ನ ಕೈ ಕೆಲಸ ಮರೆತಿರಲಿಲ್ಲ.

ಆಗಸ್ಟ್ ೧೪, ಗುರುವಾರ

ಗಲ್ಲ ಸವರಿದೆ. ಬೆರಳಿಗೆ ಉಪ್ಪು.

ಶೇಂಗಾದ ಉಪ್ಪು ಇರಬಹುದು. ಅವಳು ಚೂಡಾ ತಿಂದಿದ್ದಳು.

ಆಗಸ್ಟ್ ೧೫, ಶುಕ್ರವಾರ

ಚೂಡಾ ಅಲ್ಲ. ಮುಖ ತೊಳೆದು ಬಂದ ಮೇಲೆ ಮತ್ತೆ ನೋಡಿದೆ.

ಇಂದಿನಿಂದ ಯಾವುದನ್ನೂ ತೆಗೆದಿಡುವುದಿಲ್ಲ. ಪರೀಕ್ಷೆಗೆ ಇನ್ನೂ ಒಂದು ವಾರವಿದೆ. ಒಂದು ವಾರದಲ್ಲಿ ಸರಿಯಾಗುತ್ತದೆ. ಆಗಲೇಬೇಕು.

ಆಗಸ್ಟ್ ೨೨, ಶುಕ್ರವಾರ

ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ.

ಲೋಕಲ್ ರೈಲಿನಿಂದ ದಾದರಿನಲ್ಲಿ ಇಳಿದು ಟ್ಯಾಕ್ಸಿಯಲ್ಲಿ ಆಸ್ಪತ್ರೆಗೆ ಹೋದೆವು. ತೋಳಿಗೆ ಪಟ್ಟಿ ಕಟ್ಟಿ ಬೆವರು ತೆಗೆದರು, ಕೊಳವೆಯಲ್ಲಿ ಊದಿಸಿದರು. ಡಾಕ್ಟರ್ ಶುಭಾಂಗಿ ಕಂಪ್ಯೂಟರನ್ನು ಬಹಳ ಹೊತ್ತು ನೋಡಿದರು. ಜೂನ್ ಕೊನೆಯಲ್ಲಿ ಒಮ್ಮೆ ತಪಾಸಣೆ ಮಾಡಿದಾಗ ಬೆವರಿನ ಉಪ್ಪು ಇಳಿದಿತ್ತು, ಈಗ ಮತ್ತೆ ಏರಿದೆ. ಶ್ವಾಸಕೋಶದ ಬಲವೂ ಕುಗ್ಗಿದೆ. ಹೀಗಾಗುವುದನ್ನು ತಾನು ನೋಡಿಲ್ಲ ಎಂದರು. ಗುಳಿಗೆ ತಪ್ಪಿಸುತ್ತೀಯಾ ಎಂದು ನಮಿತಾಳನ್ನು ನೇರವಾಗಿ ಕೇಳಿದರು.

ನಮಿತಾ ನನ್ನ ಕಡೆ ಕೈ ತೋರಿಸಿ ಹಿಂದಿಯಲ್ಲಿ ಹೇಳಿದಳು. ತಾನಾದರೆ ಮರೆಯಬಹುದು, ಆದರೆ ಗುಳಿಗೆ ಕೊಡುವವಳು ಅವ್ವ. ಅವ್ವ ಇಷ್ಟು ವರ್ಷದಲ್ಲಿ ಒಂದು ಹೊತ್ತಿನ ಔಷಧವನ್ನೂ ತಪ್ಪಿಸಿಲ್ಲ. ಸ್ವಂತ ತಾಯಿ ಸತ್ತ ದಿನವೂ ಮೊದಲು ತನಗೆ ಗುಳಿಗೆ ಕೊಟ್ಟು ಆಮೇಲೆ ಊರಿನ ಗಾಡಿ ಹತ್ತಿದಳು.

ಡಾಕ್ಟರ್ ನನ್ನನ್ನು ನೋಡಿ ತಲೆ ಬಾಗಿಸಿದರು. ಗೌರವಕ್ಕೆ. ನಾನು ಸೆರಗು ಸರಿ ಮಾಡಿಕೊಂಡೆ.

ಹಾಗಾದರೆ ಈ ಔಷಧ ಇವಳಿಗೆ ಒಗ್ಗುತ್ತಿಲ್ಲ, ಟ್ರಸ್ಟಿನವರಿಗೆ ಹಾಗೆಯೇ ಬರೆಯಬೇಕಾಗುತ್ತದೆ, ಎಂದರು. ಮಂಗಳವಾರ ಅವರ ಸಭೆ ಇದೆ. ಇವಳ ಪಾಲು ಪುಣೆಯ ಒಬ್ಬ ಹುಡುಗನಿಗೆ ಹೋಗುತ್ತದೆ.

ಲೋಕಲ್‌ನಲ್ಲಿ ಮರಳುವಾಗ ಹೆಂಗಸರ ಬೋಗಿಯಲ್ಲಿ ಕೂರಲು ಜಾಗವಿತ್ತು, ನಮಿತಾ ಕೂರಲಿಲ್ಲ. ಬಾಗಿಲ ಹತ್ತಿರ ನಿಂತು ಹೊರಗೆ ನೋಡುತ್ತಿದ್ದಳು. ಕುರ್ಲಾ ದಾಟಿದ ಮೇಲೆ ಹೇಳಿದಳು.

"ಎರಡು ತಿಂಗಳು ಆರಾಮ ಇದ್ದೆನಲ್ಲವ್ವಾ. ಆರಾಮ ಅಂದ್ರ ಹೆಂಗಿರತೈತಿ ಅಂತಾದ್ರೂ ಗೊತ್ತಾತು."

ಆಮೇಲೆ ಫೋನು ತೆಗೆದು ದಸರೆಯ ಟಿಕೆಟ್ ರದ್ದು ಮಾಡಿದಳು. ನಾನು ನೋಡುತ್ತ ಕೂತಿದ್ದೆ.

ಆಗಸ್ಟ್ ೨೩, ಶನಿವಾರ

ಕೆಮ್ಮುತ್ತಿದ್ದಾಳೆ.

ಆಗಸ್ಟ್ ೨೪, ಭಾನುವಾರ

ನಾನು ಹೇಳಿದರೆ ಏನಾಗುತ್ತದೆ ಎಂದು ಯೋಚಿಸಿದೆ. ಮಗ ನನ್ನ ಮುಖ ನೋಡುವುದಿಲ್ಲ. ನಾಗರತ್ನಾ ಅಡಿಗೆಮನೆಯಲ್ಲಿ ಬಾಯಿ ಬಿಡದೆ ನಗುತ್ತಾಳೆ. ಡಾಕ್ಟರ್ ತಲೆ ಬಾಗಿಸಿದ್ದು ಸುಳ್ಳಾಗುತ್ತದೆ. ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಔಷಧಕ್ಕೆ ಒಗ್ಗಲಿಲ್ಲ ಎಂದು ಎಲ್ಲರೂ ನಂಬಿದ್ದಾರೆ. ನಾನೂ ಒಂದು ದಿನ ನಂಬಬಹುದು.

ನಮಿತಾ ಗ್ಯಾಲರಿಯಲ್ಲಿ ಒಗೆದ ಬಟ್ಟೆ ಒಣಹಾಕುತ್ತ ನಡುನಡುವೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದಳು. ಹಳೆಯ ಹಾಗೆಯೇ, ಕೈಯನ್ನು ಗೋಡೆಗೆ ಕೊಟ್ಟು. ಆ ಗಂಡುಕೂಸಿಗೆ ಏನಾಗಿದೆ ಎಂದು ನನಗೆ ತಿಳಿದಿರಲಿಲ್ಲ. ಇವಳಿಗೆ ಏನಾಗುತ್ತಿದೆ ಎಂದು ಈ ಮುಂಬಯಿಯಲ್ಲಿ ತಿಳಿದವಳು ನಾನೊಬ್ಬಳೇ.

ಆಗಸ್ಟ್ ೨೫, ಸೋಮವಾರ

ಶ್ರಾವಣ ಮುಗಿಯಿತು. ಗುಡಿಗೆ ಹೋಗಿ ಬರುತ್ತೇನೆಂದು ಸುಳ್ಳು ಹೇಳಿ ಒಬ್ಬಳೇ ಆಸ್ಪತ್ರೆಗೆ ಹೋದೆ. ಚೀಟಿ ಇಲ್ಲದವರನ್ನು ಬಿಡುವುದಿಲ್ಲ ಎಂದರು. ಬೆಂಚಿನ ಮೇಲೆ ಡಬ್ಬಿ ತೊಡೆಯಲ್ಲಿಟ್ಟುಕೊಂಡು ಮಧ್ಯಾಹ್ನದವರೆಗೆ ಕೂತೆ. ಜೀವನದಲ್ಲಿ ಯಾರ ಬಾಗಿಲಲ್ಲೂ ಹಾಗೆ ಕೂತವಳಲ್ಲ. ಎರಡು ಸಲ ಎದ್ದು ಗೇಟಿನವರೆಗೆ ಹೋಗಿ ತಿರುಗಿ ಬಂದೆ.

ಒಳಗೆ ಕರೆದರು. ಡಬ್ಬಿಯನ್ನು ಮೇಜಿನ ಮೇಲಿಟ್ಟು ಮುಚ್ಚಳ ತೆಗೆದೆ. ಡಾಕ್ಟರ್ ಗುಳಿಗೆಗಳನ್ನು ನೋಡಿದರು, ನನ್ನನ್ನು ನೋಡಿದರು. ಬೈಯುತ್ತಾರೆಂದು ಕಾದೆ. ಅವರು ಕುರ್ಚಿಗೆ ಒರಗಿ ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು.

"ಆಯೀ, ಮತ್ಲಬ್ ದವಾ ಫೇಲ್ ನಹೀ ಹುಯೀ," ಎಂದರು. ಔಷಧ ಸೋತಿಲ್ಲ.

ಆಮೇಲೆ ಬೈದರು. ಯಾಕೆ ಎಂದು ಕೇಳಿದರು. ಶೀಶೆಯ ತಳ ಕಂಡಿತು, ಹೆದರಿಕೆಯಾಯಿತು ಎಂದೆ. ನನ್ನ ಹಿಂದಿಯಲ್ಲಿ ಅದು ಕೂಸಿನ ಮಾತಿನಂತೆ ಕೇಳಿತು. ಒಂದು ಗುಳಿಗೆಯನ್ನು ಬೆರಳಲ್ಲಿ ಒತ್ತಿ ತೋರಿಸಿದರು. ತುಪ್ಪದ ಕೈಯಲ್ಲಿ ಹಾಕಿದ್ದು, ಮಳೆಗಾಲದ ತೇವ, ಮೆತ್ತಗಾಗಿ ಬಣ್ಣ ಬಿಟ್ಟಿತ್ತು. ಇವು ಯಾರಿಗೂ ಉಪಯೋಗವಿಲ್ಲ ಎಂದು ಎಲ್ಲವನ್ನೂ ಕಸಕ್ಕೆ ಸುರಿದರು. ಸುರಿದ ಸದ್ದು ಕೇಳಿದೆ. ಖಾಲಿ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, ನಮಿತಾಗೆ ನೀವು ಹೇಳುತ್ತೀರೋ ನಾನು ಹೇಳಲೋ ಎಂದರು. ನಾನೇ ಹೇಳುತ್ತೇನೆ ಎಂದೆ.

ಆಗಸ್ಟ್ ೨೬, ಮಂಗಳವಾರ

ಬೆಳಿಗ್ಗೆ ರೊಟ್ಟಿ ಬಡಿದೆ, ಮುಟಗಿ ಮಾಡಲಿಲ್ಲ. ನಮಿತಾಳ ತಾಟಿನಲ್ಲಿ ಖಾಲಿ ಡಬ್ಬಿ, ಅದರ ಪಕ್ಕ ಎರಡು ಗುಳಿಗೆ ಇಟ್ಟೆ. ಇದೇನವ್ವಾ ಎಂದಳು. ಹೇಳಿದೆ. ಆಷಾಢದಿಂದ ಇಲ್ಲಿಯವರೆಗೆ ಏನೂ ಬಿಡದೆ ಹೇಳಿದೆ. ಅನಿಲ ಕೇಳಿದ, ನಾಗರತ್ನಾ ಒಲೆಯ ಮುಂದೆ ಬೆನ್ನು ಮಾಡಿ ನಿಂತು ಕೇಳಿದಳು. ಯಾರೂ ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು.

ನಮಿತಾ ಕೂಗಾಡಲಿಲ್ಲ. ಬಹಳ ಹೊತ್ತು ಡಬ್ಬಿಯ ಒಳಗೆ ನೋಡಿದಳು.

"ನಾಲ್ಕು ದಿನದಿಂದ ನಾ ಏನ ಅನ್ಕೊಂಡು ಮಲಗಾಕತ್ತಿದ್ದೆ, ಗೊತ್ತೇನ ನಿನಗ?"

ಅವಳು ಲೋಟದಲ್ಲಿ ಕೆನೆಹಾಲು ಬಗ್ಗಿಸಿಕೊಂಡಳು. ಎರಡೂ ಗುಳಿಗೆಯನ್ನು ನಾಲಿಗೆಯ ಮೇಲಿಟ್ಟು ಒಂದೇ ಗುಟುಕಿಗೆ ನುಂಗಿದಳು. ಉಸಿರುಗಟ್ಟೀತು ಎಂದು ನನ್ನ ಕೈ ಅವಳ ಬೆನ್ನಿಗೆ ಹೋಯಿತು. ಏನೂ ಆಗಲಿಲ್ಲ.

"ನಿನಗ ಹಂಗ ನುಂಗಾಕ ಬರೂದಿಲ್ಲಲ್ಲ," ಎಂದೆ.

"ಕಾಲೇಜಿನಿಂದ ಬರತೈತಿ. ಮಧ್ಯಾಹ್ನ ಊಟ ಅರಗಸೂ ಕ್ಯಾಪ್ಸೂಲಿಗೆ ಆಫೀಸಿನ್ಯಾಗ ಯಾರ ಮುಟಗಿ ಮಾಡಿ ಕೊಡತಾರವ್ವಾ?" ಲೋಟ ಕೆಳಗಿಟ್ಟಳು. "ನಿನ್ನ ಸಲುವಾಗಿ ತಿಂತಿದ್ದೆ."

ಆಮೇಲೆ ಕೈ ಚಾಚಿ ಕೀಲಿ ಕೇಳಿದಳು. ಗಂಡ ಗುರಲಿಂಗಪ್ಪ ಇದ್ದಾಗಲೂ ಈ ಕೀಲಿ ಯಾರ ಕೈಗೂ ಹೋಗಿರಲಿಲ್ಲ. ಸೊಂಟದಿಂದ ಮೆಲ್ಲಗೆ ಬಿಡಿಸಿ ಕೊಟ್ಟೆ. ಅವಳು ಅವಸರ ಮಾಡಲಿಲ್ಲ.

ಆಗಸ್ಟ್ ೨೭, ಬುಧವಾರ, ಗಣೇಶ ಚೌತಿ

ಟ್ರಸ್ಟಿನವರು ಇನ್ನೊಂದು ತಿಂಗಳು ಕೊಡಲು ಒಪ್ಪಿದ್ದಾರೆ. ಆಮೇಲೆ ಮತ್ತೆ ಪರೀಕ್ಷೆ. ಪುಣೆಯ ಆ ಹುಡುಗ ಇನ್ನೂ ಒಂದು ತಿಂಗಳು ಕಾಯುತ್ತಾನೆ. ಅವನ ತಾಯಿ ಯಾರೋ ಏನೋ.

ನಮಿತಾ ನನ್ನೊಡನೆ ಮಾತಾಡುತ್ತಿಲ್ಲ.

ಸೆಪ್ಟೆಂಬರ್ ೧೧, ಗುರುವಾರ

ನಸುಕಿನಲ್ಲಿ ಸದ್ದಿರಲಿಲ್ಲ. ಅವಳ ಬಾಗಿಲವರೆಗೆ ಹೋದೆ. ಒಳಗೆ ಹೋಗಿ ಮೂಗಿಗೆ ಬೆರಳು ಹಿಡಿಯುವ ಹಕ್ಕು ಈಗ ಇಲ್ಲ ಎನಿಸಿತು. ಹೊರಗೇ ನಿಂತೆ. ಒಳಗಿನಿಂದ, ಇದ್ದೀನಿ, ಹೋಗಿ ಮಲಕೋ ಅವ್ವಾ, ಎಂದಳು.

ಹದಿನೈದು ದಿನದಲ್ಲಿ ಅವಳು ನನಗೆ ಆಡಿದ ಮೊದಲ ಮಾತು.

ಸೆಪ್ಟೆಂಬರ್ ೨೬, ಶುಕ್ರವಾರ

ಬೆವರಿನ ಉಪ್ಪು ಇಳಿದಿದೆ. ಔಷಧ ಮುಂದುವರಿಯುತ್ತದೆ. ಡಾಕ್ಟರ್ ನನಗೆ ತಲೆ ಬಾಗಿಸಲಿಲ್ಲ. ನಾನೇ ಕೈ ಮುಗಿದೆ.

ಸೆಪ್ಟೆಂಬರ್ ೨೯, ಸೋಮವಾರ

ಶೀಶೆಗಳು ಈಗ ಅಡಿಗೆಮನೆಯ ಕಟ್ಟೆಯ ಮೇಲೆ, ಎಲ್ಲರಿಗೂ ಕಾಣುವ ಹಾಗೆ, ಉಪ್ಪಿನಕಾಯಿಯ ಭರಣಿಯ ಪಕ್ಕ ಇರುತ್ತವೆ. ಹೊಸದು ನಾಳೆ ಬರುತ್ತದೆ ಎಂದು ಫೋನು ಬಂದಿದೆ. ಬರುತ್ತೆ ಆಂಟಿ, ಎಂದಳು ಅದೇ ಹುಡುಗಿ. ನಮಿತಾ ವಿಜಾಪುರಕ್ಕೆ ಮತ್ತೆ ಟಿಕೆಟ್ ತೆಗೆಸಿದ್ದಾಳೆ, ಈ ಸಲ ಎರಡು. ನನಗೆ ಮಂಡಿ ನೋವು, ಗುಮ್ಮಟ ಹತ್ತಲಾಗದು ಎಂದೆ.

"ನೀ ಕೆಳಗ ಹುಲ್ಲಿನ ಮ್ಯಾಲ ಕೂಡ್ರು," ಎಂದಳು. "ನಾ ಮ್ಯಾಲಿಂದ ಒದರತೀನಿ."

ಸಂಜೆ ನಾಗರತ್ನಾ ಹಿಟ್ಟಿನ ಡಬ್ಬಿ ಬಳಿದು ತೊಳೆದು ಬೋರಲು ಹಾಕಿದ್ದಳು. ನನ್ನ ಮುಖ ನೋಡಿದಳು. ನಾಳೆ ಗಿರಣಿಗೆ ಹೋಗಬೇಕು ಎಂದಷ್ಟೇ ಹೇಳಿದೆ.

ಎಲ್ಲರೂ ಮಲಗುವ ಹೊತ್ತಿಗೆ ನೀರು ಕುಡಿಯಲು ಹೋದವಳು ಬೆಳಗಿನ ಶೀಶೆಯ ಮುಚ್ಚಳ ತೆಗೆದೆ. ನಾಳೆಯ ಎರಡು ಗುಳಿಗೆ, ಅವುಗಳ ಸುತ್ತ ಬಿಳಿ ತಳ. ನಾಳೆ ಬರದಿದ್ದರೆ, ವಿಮಾನ ನಿಂತರೆ, ಕಾಗದ ಸಿಗದಿದ್ದರೆ. ಮುಚ್ಚಳ ಹಾಕಿ ಇದ್ದಲ್ಲೇ ಇಟ್ಟೆ. ತಳ ಕಾಣುವ ಶೀಶೆ ಮನೆಯಲ್ಲಿರುವಾಗ ಮಲಗುತ್ತಿರುವುದು ಇದೇ ಮೊದಲು.